ದೋಣಿಯಲ್ಲಿ ಒಂದೇ ಬಾಯಿ

5 ಜುಲೈ 2005, ಮಂಗಳವಾರ

ಕನ್ನಡಕದ ನಂಬರು ಬದಲಾಯಿಸೋಣವೆಂದು ಜಯನಗರ ನಾಲ್ಕನೇ ಬ್ಲಾಕಿನ ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದೆ. ಡಾಕ್ಟರ್ ವಿಮಲಾ ಒಂದು ಯಂತ್ರದ ಮುಂದೆ ಕೂರಿಸಿ, ಗದ್ದ ಒರಗಿಸಿ, ಕೈಗೊಂದು ಗುಂಡಿ ಕೊಟ್ಟರು. ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಒತ್ತಬೇಕು. ಕಂಡದ್ದಕ್ಕೆಲ್ಲ ತಪ್ಪದೆ ಒತ್ತಿದೆ. ಪೂರ್ತಿ ಮಾರ್ಕ್ಸು ಬಂತೆಂದೇ ಎದ್ದೆ. ಅಚ್ಚಾಗಿ ಬಂದ ಕಾಗದದಲ್ಲಿ ಬಲಗಣ್ಣಿನ ಚಿತ್ರವೆಲ್ಲ ಕಪ್ಪು, ನಡುವೆ ಕಾಸಿನಗಲ ಬಿಳಿ. ಎಡಗಣ್ಣೂ ಅಂಚಿನಿಂದ ಕಪ್ಪಾಗುತ್ತ ಬರುತ್ತಿದೆ.

"ಗ್ಲಾಕೋಮ. ನೋವಿರಲ್ಲ, ಅದಕ್ಕೇ ಯಾರಿಗೂ ಗೊತ್ತಾಗಲ್ಲ. ಹೋಗಿದ್ದು ವಾಪಸ್ ಬರಲ್ಲ ಸಾರ್, ಇರೋದನ್ನ ಉಳಿಸ್ಕೋಬೇಕು," ಎಂದರು. ದಿನಾ ರಾತ್ರಿ ಒಂಬತ್ತಕ್ಕೆ ಎರಡೂ ಕಣ್ಣಿಗೆ ಒಂದೊಂದು ಹನಿ ಔಷಧ. ಬಾಟಲಿ ಒಂದು ತಿಂಗಳು ಬರುತ್ತದಂತೆ. "ಗಾಡಿ ಓಡಿಸ್ತೀರಾ?"

"ಅಪರೂಪಕ್ಕೆ," ಎಂದೆ. ದೋಣಿಯ ವಿಷಯ ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಸೆಪ್ಟೆಂಬರ್ 25ಕ್ಕೆ ಕೆಆರ್‌ಎಸ್ ಹಿನ್ನೀರಿನಲ್ಲಿ ವರ್ಷದ ಹಾಯಿದೋಣಿ ರೇಸು. ಅಲ್ಲಿಯ ತನಕ ಮನೆಯಲ್ಲಿ ಯಾರಿಗೂ ಹೇಳುವುದಿಲ್ಲ. ಹೇಳಿದರೆ ನನ್ನ ಹೆಂಡತಿ ಅಲಮೇಲು ಅವತ್ತೇ ನನ್ನ ಕೈಯಿಂದ ಚುಕ್ಕಾಣಿ ಬಿಡಿಸುತ್ತಾಳೆ. ಚುಕ್ಕಾಣಿ ಹೋದರೆ ಭಾನುವಾರ ನಾನು ಏನು ಮಾಡಲಿ? ಬಾಟಲಿಯನ್ನು ಟೂಲ್ ಬಾಕ್ಸಿನಲ್ಲಿ, ಡ್ರಿಲ್ ಬಿಟ್ಟುಗಳ ಡಬ್ಬಿಯ ಹಿಂದೆ ಇಟ್ಟಿದ್ದೇನೆ. ಆ ಪೆಟ್ಟಿಗೆ ಮುಟ್ಟುವ ಧೈರ್ಯ ಈ ಮನೆಯಲ್ಲಿ ಯಾರಿಗೂ ಇಲ್ಲ.

10 ಜುಲೈ, ಭಾನುವಾರ

ಬೆಳಿಗ್ಗೆ ಐದಕ್ಕೆ ಜೆ.ಪಿ. ನಗರ ಬಿಟ್ಟು ಎಂಟೂವರೆಗೆ ನೀರಿನ ದಂಡೆಯಲ್ಲಿದ್ದೆವು. ಓಮ್ನಿ ನಾನೇ ಓಡಿಸಿದೆ. ಗಾಳಿ ಪಶ್ಚಿಮದಿಂದ, ಜೋರಾಗಿತ್ತು.

ಈ ವರ್ಷ ದೋಣಿಯ ಮುಂಭಾಗಕ್ಕೆ ಹೊಸ ಆಳು, ಚನ್ನವೀರ. ಬಾಗಲಕೋಟೆ ಕಡೆಯವನು, ಬಿಟಿಎಂನಲ್ಲಿ ರೂಮು ಮಾಡಿಕೊಂಡು ಫೋಟೋ ಲ್ಯಾಬಿನಲ್ಲಿ ಕೆಲಸ ಮಾಡುತ್ತಾನೆ. ದೋಣಿಯ ಫೋಟೋ ತೊಳೆಸಲು ಹೋಗಿದ್ದ ನನ್ನ ಮಗಳು ಇಂಚರಳನ್ನು ಅದರ ಬಗ್ಗೆ ನೂರೆಂಟು ಪ್ರಶ್ನೆ ಕೇಳಿದನಂತೆ, ಕರೆದುಕೊಂಡು ಬಂದಳು. ಕೃಷ್ಣಾ ನದಿಯಲ್ಲಿ ಈಜಿ ಬೆಳೆದವನು, ನೀರಿಗೆ ಹೆದರುವುದಿಲ್ಲ. ಕೊಕ್ಕೆ ಹಾಕುವುದರಲ್ಲಿ ನಿಧಾನ.

ಅವನಿಗೆ ಹೇಳಿಕೊಟ್ಟದ್ದನ್ನು ಇಲ್ಲೂ ಬರೆದಿಡುತ್ತೇನೆ. ಕೆಲಸದ ಕ್ರಮವನ್ನು ಬರೆದಿಡದಿದ್ದರೆ ಆ ಕೆಲಸ ಮಾಡಿದಂತಲ್ಲ ಎನ್ನುವುದು ಇಪ್ಪತ್ತು ವರ್ಷ ಟೂಲ್ ರೂಮಿನ ಫೋರ್‌ಮನ್ ಆಗಿದ್ದವನ ಅಭ್ಯಾಸ. ಗಾಳಿ ಬೆನ್ನಿಗಿದ್ದಾಗ ದೋಣಿಯ ಮೂತಿಯಲ್ಲಿ ಸ್ಪಿನ್ನೇಕರ್ ಎಂಬ ದೊಡ್ಡ ಬಣ್ಣದ ಹಾಯಿ ಬಿಚ್ಚುತ್ತೇವೆ. ನಮ್ಮ ಬಾಯಲ್ಲಿ ಅದು ಬಲೂನು. ಅದರ ಒಂದು ಮೂಲೆಯನ್ನು ಹೊರಕ್ಕೆ ಚಾಚಿ ಹಿಡಿಯಲು ಒಂದು ಕೋಲು. ದೋಣಿ ಮಗ್ಗುಲು ಬದಲಾಯಿಸಬೇಕಾದಾಗ ನಾನು ಚುಕ್ಕಾಣಿ ತಿರುಗಿಸುತ್ತೇನೆ. ದೊಡ್ಡ ಹಾಯಿಯ ಕೆಳಗಿನ ಅಡ್ಡಮರ, ಅಂದರೆ ಬೂಮು, ನಮ್ಮ ತಲೆಯ ಮಟ್ಟದಲ್ಲಿ ಈಚೆಯಿಂದ ಆಚೆಗೆ ಬೀಸುತ್ತದೆ. ಅದೇ ಹೊತ್ತಿಗೆ ಮುಂದಿರುವವನು ಕೋಲಿನ ಕೊಕ್ಕೆಯನ್ನು ಹಾಯಿಯ ಕಂಬದಿಂದ ಬಿಡಿಸಿ ಬಲೂನಿನ ಹೊಸ ಮೂಲೆಗೆ ಸಿಕ್ಕಿಸಿ, ಹಳೆ ಮೂಲೆ ಕಳಚಿ, ಆ ತುದಿಯನ್ನು ಕಂಬಕ್ಕೆ ಹಾಕಬೇಕು. ಅಷ್ಟೂ ಹೊತ್ತು ನಡುವೆ ಇಂಚರ ಎರಡು ಕೈಯಲ್ಲಿ ಎರಡು ಹಗ್ಗ ಹಿಡಿದು ಬಲೂನು ಮುದುರದಂತೆ ನೋಡಿಕೊಳ್ಳಬೇಕು. ಇದಕ್ಕೆ ಜೈಬ್ ಎಂದು ಹೆಸರು. ಏಳೆಂಟು ಸೆಕೆಂಡಿನ ಕೆಲಸ. ಮೂರು ವರ್ಷದಿಂದ ರೇಸಿನ ಕೊನೆಯ ತಿರುವಿನಲ್ಲಿ ನಮ್ಮ ಬಲೂನು ಹಗ್ಗಕ್ಕೆ ಸುತ್ತಿಕೊಂಡು ಮಾನ ಹೋಗಿದೆ.

ಚನ್ನವೀರ ಏನೋ ಕೇಳಲು ಬಾಯಿ ತೆರೆದ. ಅಲ್ಲೇ ಹೇಳಿಬಿಟ್ಟೆ: "ನೋಡಪ್ಪ, ದೋಣೀಲಿ ಒಂದೇ ಬಾಯಿ. ಅದು ನಂದು. ನಾನು ಕೇಳಿದ್ರೆ ಮಾತ್ರ ಮಾತು."

"ಆತ್ರಿ ಸರ," ಎಂದ. ಒಳ್ಳೆಯ ಹುಡುಗ.

ಹಳೆಯ ಗೆಳೆಯ ಭಾರ್ಗವ ಹೋದ ವರ್ಷದ ತನಕ ಆ ಜಾಗದಲ್ಲಿದ್ದ. "ನಿಂಗೆ ಬೇಕಾಗಿರೋದು ಜೊತೆಗಾರರಲ್ಲ ಅನಂತು, ಹೆಲ್ಪರ್‌ಗಳು," ಎಂದು ಲೈಫ್ ಜಾಕೆಟ್ ಕಳಚಿ ನನ್ನ ಕಾಲ ಬಳಿ ಹಾಕಿ ಹೋದ. ಹೋದರೆ ಹೋಗಲಿ.

17 ಜುಲೈ, ಭಾನುವಾರ

ಓಮ್ನಿ ಸರ್ವಿಸಿಗೆ ಹೋಗಿದೆ. ಹಾಗೆಂದು ಅಭ್ಯಾಸ ಬಿಡಲಾಗುತ್ತದೆಯೇ? ತಾರಸಿಯ ಮೇಲೇ ಮಾಡಿಸಿದೆ. ಟೀವಿ ಆಂಟೆನಾದ ಪೈಪು ನಮ್ಮ ಕಂಬ. ಬಟ್ಟೆ ಒಣಹಾಕುವ ಗಳ ಬಲೂನಿನ ಕೋಲು. ಡಬಲ್ ಬೆಡ್‌ಶೀಟು ಬಲೂನು. ಪೈಪಿಗೆ ಹಗ್ಗದಲ್ಲಿ ಕಟ್ಟಿದ ಬಿದಿರು ಬೂಮು. ನಾನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಛತ್ರಿಯ ಹಿಡಿಯನ್ನು ಚುಕ್ಕಾಣಿ ಮಾಡಿಕೊಂಡು ಕೂತೆ.

ಪಕ್ಕದ ಮನೆಯ ಲಕ್ಷ್ಮಮ್ಮನವರು ಸಂಡಿಗೆ ಎತ್ತಲು ಬಂದವರು ನಿಂತು ನೋಡಿದರು. "ಪುಟ್ಟೇನಹಳ್ಳಿ ಕೆರೆ ಇಲ್ಲೇ ಇದೆಯಲ್ಲ ಸಾರ್, ಅಲ್ಲೇ ಮಾಡ್ಬಾರ್ದಾ?" ಅಲ್ಲಿ ಈಗ ನೀರಿಗಿಂತ ಜೊಂಡು ಹೆಚ್ಚು ಎಂದೆ.

ನಲವತ್ತು ಸಲ ಮಾಡಿಸಿದೆ. ಒಬ್ಬರೂ ಬಾಯಿ ಬಿಡಲಿಲ್ಲ. ಕೆಲಸ ಅಂದರೆ ಹೀಗಿರಬೇಕು. ಇಳಿಯುವಾಗ ತಾರಸಿ ಬಾಗಿಲಿಗೆ ಬಲ ಭುಜ ಹೊಡೆಯಿತು. ಈ ವಾರದಲ್ಲಿ ಇದು ಮೂರನೇ ಸಲ.

24 ಜುಲೈ, ಭಾನುವಾರ

ಬೂಮು ಚನ್ನವೀರನ ತಲೆಗೆ ಹೊಡೆಯಿತು.

26 ಜುಲೈ, ಮಂಗಳವಾರ

ಐದು ಹೊಲಿಗೆ. ಕಿವಿಯ ಮೇಲೆ. ಇನ್ನೊಂದು ಅಂಗುಲ ಮುಂದೆ ಬಿದ್ದಿದ್ದರೆ ಏನಾಗುತ್ತಿತ್ತು ಎಂದು ಮೈಸೂರಿನ ಡಾಕ್ಟರು ಹೇಳಲು ಹೊರಟರು, ನಾನು ಎದ್ದು ಹೊರಗೆ ಬಂದೆ.

ಆದದ್ದು ಇಷ್ಟು. ತಿರುವು ಬಂತು, ತಿರುಗಿಸಿದೆ, ಬೂಮನ್ನು ಎಳೆದು ಆಚೆಗೆ ಎಸೆದೆ. ನನ್ನ ಲೆಕ್ಕದಲ್ಲಿ ಅವನು ಕಂಬದ ಮುಂದಿದ್ದ. ಅವನು ಹಗ್ಗದ ಗಂಟು ಬಿಡಿಸಲು ಹಿಂದಕ್ಕೆ, ನನ್ನ ಬಲಕ್ಕೆ ಬಂದಿದ್ದ. ನಾನು ನೋಡಲಿಲ್ಲ. ನೋಡಲಾಗಲಿಲ್ಲ ಎಂದು ಬರೆಯಬೇಕು. ಪೈಪಿನೊಳಗಿಂದ ನೋಡಿದ ಹಾಗೆ ಎದುರಿನದು ಕಾಣುತ್ತದೆ, ಪಕ್ಕದ್ದು ಇಲ್ಲ.

ದಂಡೆಯಲ್ಲಿ ಅವನು ಟವೆಲ್ ಒತ್ತಿಕೊಂಡು ಕೂತಿದ್ದಾಗ ನಾನೇ ಕೂಗಾಡಿದೆ: "ಹಿಂದಕ್ಕೆ ಯಾಕೋ ಬಂದೆ? ಬಂದ ಮೇಲೆ ಹೇಳೋಕೇನಾಗಿತ್ತು?" ಅವನು ತಲೆ ತಗ್ಗಿಸಿ, "ತಪ್ಪಾತ್ರಿ ಸರ," ಎಂದ. ಇಂಚರ ನನ್ನನ್ನೇ ನೋಡುತ್ತಿದ್ದಳು.

ತಪ್ಪು ಯಾರದೆಂದು ನನಗೆ ಗೊತ್ತು. ಇವತ್ತು ಹೇಳಬಹುದಾಗಿತ್ತು. ನಾಚಿಕೆಯಾಗುತ್ತಿದೆ, ಆದರೂ ಹೇಳಲಿಲ್ಲ. ರೇಸಿಗೆ ಎರಡು ತಿಂಗಳಿದೆ.

7 ಆಗಸ್ಟ್, ಭಾನುವಾರ

ಚನ್ನವೀರ ಬರುವುದಿಲ್ಲ ಅಂದುಕೊಂಡಿದ್ದೆ. ಹೊಲಿಗೆ ಬಿಚ್ಚಿಸಿಕೊಂಡು ಬೆಳಿಗ್ಗೆ ಆರಕ್ಕೇ ತಾರಸಿಯ ಮೇಲಿದ್ದ. ಇನ್ನೆರಡು ವಾರ ನೀರಿಗೆ ಇಳಿಯಬಾರದೆಂದು ಡಾಕ್ಟರು ಹೇಳಿದ್ದಾರೆ, ತಾರಸಿಗೆ ಅಡ್ಡಿಯಿಲ್ಲವಲ್ಲ ಎಂದ.

ಇಬ್ಬರಿಗೂ ಇದ್ದಕ್ಕಿದ್ದಂತೆ ಬಾಯಿ ಬಂದಿದೆ. ಅವನು, "ಕೋಲು ಬಿಡಿಸೇನ್ರಿ... ಹೊಸಾ ಮೂಲಿ ಹಿಡದೇನ್ರಿ... ಈಗ ಕಂಬಕ್ಕ ಬಂದೇನ್ರಿ." ಇವಳು, "ಬಲೂನು ತುಂಬಿದೆ ಅಪ್ಪ, ಎಡಕ್ಕೆ ಒಂಚೂರು ಸಡಿಲ." ಕ್ರಿಕೆಟ್ ಕಾಮೆಂಟರಿಯೇನೋ ಇದು ಎಂದು ರೇಗಿದೆ. ಅವನು, "ತಲೀಗೆ ಪೆಟ್ಟು ಬಿದ್ದ ಮ್ಯಾಲೆ ಹೀಂಗ ಆಗೇತ್ರಿ ಸರ, ಬಾಯಿ ನಿಲ್ಲವಲ್ದು," ಎಂದ. ಛತ್ರಿಯ ಹಿಡಿಯನ್ನು ಮತ್ತೆ ತಿರುಗಿಸಿದೆ.

9 ಆಗಸ್ಟ್, ಮಂಗಳವಾರ

ಔಷಧದ ಬಾಟಲಿ ಒಂದು ತಿಂಗಳು ಅಂದಿದ್ದರು. ಮೂವತ್ತೈದು ದಿನವಾದರೂ ಇನ್ನೂ ಅರ್ಧ ಇದೆ. ಡಾಕ್ಟರು ಸಾಮಾನ್ಯ ಜನರ ಲೆಕ್ಕ ಹೇಳಿರಬೇಕು. ನನ್ನ ಕೈ ನಿಖರ, ಒಂದು ಹನಿ ಅಂದರೆ ಒಂದೇ ಹನಿ.

21 ಆಗಸ್ಟ್, ಭಾನುವಾರ

ನಾಲ್ಕು ವಾರದ ಮೇಲೆ ನೀರಿಗೆ ಇಳಿದೆವು. ಓಮ್ನಿಯ ಕೀಲಿ ನಾನು ಹುಡುಕುವ ಮೊದಲೇ ಚನ್ನವೀರನ ಕೈಯಲ್ಲಿತ್ತು. "ನನಗ ಗಾಡಿ ಕೈ ರೂಢಿ ಆಗಬೇಕಾಗೇತ್ರಿ," ಎಂದ. ಕಲಿಯುವ ಆಸೆಯಿದ್ದರೆ ಬೇಡ ಎನ್ನಬಾರದು. ಚನ್ನಪಟ್ಟಣದ ತನಕ ಕಣ್ಣು ಮುಚ್ಚಿ ಕೂತಿದ್ದೆ, ಆರಾಮವಾಗಿತ್ತು.

ಹನ್ನೊಂದು ಜೈಬ್ ಮಾಡಿದೆವು. ಎಂಟರಲ್ಲಿ ಬಲೂನು ಮುದುರಲಿಲ್ಲ. ನಾನು ಇಪ್ಪತ್ತೈದು ವರ್ಷದ ಹಿಂದೆ ಮಿಲಿಟರಿಯಲ್ಲಿದ್ದಾಗ ಹಲಸೂರು ಕೆರೆಯಲ್ಲಿ ಹಾಯಿ ಕಲಿತ ಮೇಲೆ ಹೀಗೆ ಒಂದೇ ದಿನ ಎಂಟು ಕೂಡಿಬಂದದ್ದಿಲ್ಲ. ಕಾರಣ ಯೋಚಿಸಿದೆ. ಹಿಂದೆ ನನ್ನ ಅಂದಾಜಿನ ಮೇಲೆ ತಿರುಗಿಸುತ್ತಿದ್ದೆ. ಈಗ ಅವನು, "ಈಗ ರೀ," ಎನ್ನುವ ತನಕ ಕೈ ತಡೆಯುತ್ತೇನೆ. ಬೇರೆ ದಾರಿಯಿಲ್ಲ, ಅವನು ಎಲ್ಲಿದ್ದಾನೆ ಎಂದು ನನಗೆ ಕಾಣುವುದಿಲ್ಲವಲ್ಲ.

ಗಲಾಟೆ ಮಾತ್ರ ಸಂತೆಯ ಹಾಗೆ. ರೇಸು ಮುಗಿದ ಮೇಲೆ ಇವರ ಬಾಯಿ ಮುಚ್ಚಿಸಬೇಕು.

31 ಆಗಸ್ಟ್, ಬುಧವಾರ

ಊಟದಲ್ಲಿ ಸಾರಿನ ಪಾತ್ರೆಗೆ ಕೈ ತಾಗಿ ಚೆಲ್ಲಿತು. ಅಲಮೇಲು ಬೈಯುತ್ತಾಳೆಂದು ಕಾದೆ. ಒರೆಸಿಕೊಂಡು ಹೋದಳು. ಈಚೆಗೆ ನೀರಿನ ಲೋಟ ನನ್ನ ತಟ್ಟೆಯ ಎದುರಿಗೇ ಇಡುತ್ತಾಳೆ, ಮೊದಲು ಬಲಕ್ಕಿಡುತ್ತಿದ್ದಳು. ಹೊಸ ಪದ್ಧತಿ ಯಾಕೋ. ಕೇಳಲಿಲ್ಲ.

7 ಸೆಪ್ಟೆಂಬರ್, ಗಣೇಶನ ಹಬ್ಬ

ಬಾಟಲಿ ಇನ್ನೂ ಮುಗಿದಿಲ್ಲ. ಒಳ್ಳೆ ಬಾಳಿಕೆ.

ಪೂಜೆಯಲ್ಲಿ ದೀಪದ ಸುತ್ತ ಬಣ್ಣದ ಬಳೆ ಕಂಡಿತು. ಬಲಗಣ್ಣು ಮುಚ್ಚಿ ನೋಡಿದೆ, ಎಡಗಣ್ಣು ಮುಚ್ಚಿ ನೋಡಿದೆ. ಗಣೇಶನ ಮುಖ ಕಂಡರೆ ಕೈ ಕಾಣುವುದಿಲ್ಲ. ಭಯವಾಯಿತು. ಮಿಲಿಟರಿಯಲ್ಲಿದ್ದಾಗಲೂ ಇಷ್ಟು ಭಯ ಪಟ್ಟಿರಲಿಲ್ಲ. ಅಕ್ಷತೆ ಹಾಕುವಾಗ ಇಂಚರ ನನ್ನ ಮೊಣಕೈ ಹಿಡಿದು ಒಂದಿಷ್ಟು ಎಡಕ್ಕೆ ಸರಿಸಿದಳು. ಹಾಕಿದೆ, ದೇವರ ಮೇಲೆಯೇ ಬಿತ್ತು.

17 ಸೆಪ್ಟೆಂಬರ್, ಶನಿವಾರ

ಮಿನಿ ಫಾರೆಸ್ಟಿನಲ್ಲಿ ವಾಕಿಂಗ್ ಮುಗಿಸಿ ಬೇಗ ಬಂದೆ. ತಾರಸಿಯಿಂದ ಸದ್ದು ಬರುತ್ತಿತ್ತು. ನಾನಿಲ್ಲದೆ ಇವರೇನು ಮಾಡುತ್ತಿದ್ದಾರೆ ಎಂದು ಕೋಪದಲ್ಲೇ ಮೆಟ್ಟಿಲು ಹತ್ತಿದೆ. ಬಾಗಿಲು ಅರ್ಧ ತೆರೆದಿತ್ತು.

ನನ್ನ ಕುರ್ಚಿಯಲ್ಲಿ ಇಂಚರ ಕೂತಿದ್ದಳು, ಕೈಯಲ್ಲಿ ಛತ್ರಿಯ ಹಿಡಿ. ಕಣ್ಣಿಗೆ ಈಜುವ ಕನ್ನಡಕ. ಅದರ ಬಲಗಣ್ಣಿಗೆ ಪೂರ್ತಿ ಕಪ್ಪು ಟೇಪು ಸುತ್ತಿತ್ತು. ಎಡಗಣ್ಣಿಗೂ ಟೇಪು, ನಡುವೆ ಒಂದು ಸಣ್ಣ ತೂತು.

"ಇನ್ನೊಂದ್ಸಲ," ಎಂದಳು. "ನೀವು ಕಂಬದ ಹತ್ರ ಬಂದಿದ್ದು ನಂಗೆ ಗೊತ್ತಾಗ್ಲಿಲ್ಲ. ಸುಮ್ನೆ 'ಬಂದೆ' ಅಂದ್ರೆ ಸಾಲಲ್ಲ. ಬಲಗಡೆನೋ ಎಡಗಡೆನೋ ಹೇಳ್ಬೇಕು. ಅಪ್ಪಂಗೆ ಅಷ್ಟು ಹೇಳಿದ್ರೆ ಸಾಕು, ಮಿಕ್ಕಿದ್ದು ಅವ್ರಿಗೆ ಬರುತ್ತೆ."

"ಬಲಕ್ಕ ಬಂದೇನ್ರಿ, ತಲಿ ಬಗ್ಗಿಸೇನ್ರಿ. ಹೀಂಗ?"

"ಹಾಂ, ಹಾಗೆ. ಮಾತು ನಿಲ್ಲಿಸ್ಬೇಡಿ. ಮಾತು ನಿಂತ್ರೆ ಕತ್ತಲೆ ಥರ ಆಗುತ್ತೆ."

ನಾನು ಸದ್ದಾಗದಂತೆ ನಾಲ್ಕು ಮೆಟ್ಟಿಲು ಇಳಿದು ಅಲ್ಲೇ ಕೂತೆ. ಅವರು ಇನ್ನೂ ಹದಿನಾಲ್ಕು ಸಲ ಮಾಡಿದರು. ನಾನು ಎಣಿಸುತ್ತ ಕೂತಿದ್ದೆ. ಅತ್ತುಬಿಟ್ಟೆ ಎಂದು ಬರೆಯಲು ಸಂಕೋಚವಾಗುತ್ತದೆ. ಅತ್ತೆ.

18 ಸೆಪ್ಟೆಂಬರ್, ಭಾನುವಾರ

ದೋಣಿಗೆ ಹೋಗಲಿಲ್ಲ. ಆಟೋ ಹಿಡಿದು ಬಿಟಿಎಂಗೆ ಹೋದೆ. ಚನ್ನವೀರನ ರೂಮು ಮೂರನೇ ಮಹಡಿಯಲ್ಲಿ, ಮೆಟ್ಟಿಲಿಗೆ ಕಂಬಿಯಿಲ್ಲ. ಗೋಡೆ ಸವರಿಕೊಂಡು ಹತ್ತಿದೆ. ನನ್ನನ್ನು ಕಂಡು ಗಾಬರಿಯಾಗಿ ಚಾಪೆ ಹಾಸಿ, ಊರಿಂದ ತಾಯಿ ಕಳಿಸಿದ ಶೇಂಗಾ ಹೋಳಿಗೆ ತಟ್ಟೆಗೆ ಹಾಕಿ, ತಟ್ಟೆಯನ್ನು ನನ್ನ ಎದುರಿಗೇ ಇಟ್ಟ.

"ಅವತ್ತಿಂದು ನಿನ್ ತಪ್ಪಲ್ಲ," ಎಂದೆ. "ನಂಗೆ ಬಲಗಡೆ ಕಾಣಲ್ಲ. ಗೊತ್ತಿದ್ದೂ ಚುಕ್ಕಾಣಿ ಹಿಡಿದಿದ್ದೆ. ಗೊತ್ತಿದ್ದೂ ನಿನ್ನೇ ಬೈದೆ."

"ಗೊತ್ತೈತ್ರಿ ಸರ."

"ಯಾವಾಗಿಂದ?"

"ಅವತ್ತಿಂದನರೀ. ಗಂಟು ಸಿಕ್ಕೊಂಡಿತ್ತು, ಹಿಂದ ಬಂದೆ. ನೀವು ತಿರುಗಸಾಕ ಹೊಂಟಿದ್ರಿ. ಬಾಯಿ ತೆಗೀಬಾರ್ದು ಅಂದಿದ್ರಲ್ರೀ, ಅದಕ್ಕ ಕೈ ಎತ್ತಿದೆ." ಕೂತಲ್ಲಿಯೇ ಬಲಗೈ ಎತ್ತಿ ತೋರಿಸಿದ, ಶಾಲೆಯಲ್ಲಿ ಮೇಷ್ಟ್ರ ಮುಂದೆ ಎತ್ತುವ ಹಾಗೆ. "ನಿಮ್ಮಿಂದ ಎರಡು ಮಾರು ದೂರ ಇದ್ದೆ. ನೀವು ನನ್ನ ಕಡೀಗೇ ಹೊಳ್ಳಿದ್ರಿ, ಆದ್ರ ಕೈ ನೋಡ್ಲಿಲ್ಲ. ಆಗ ತಿಳೀತ್ರಿ."

ಕೈ ಎತ್ತಿ ನಿಂತಿದ್ದ. ಬೂಮು ತಲೆಗೆ ಬರುವ ತನಕ ನನ್ನ ಅಪ್ಪಣೆಗೆ ಕಾಯುತ್ತ, ಕೈ ಎತ್ತಿಕೊಂಡು ನಿಂತಿದ್ದ.

"ಆಮೇಲಾದ್ರೂ ಬಾಯಿಬಿಟ್ಟು ಹೇಳ್ಬಾರ್ದಿತ್ತೇನೋ?"

"ಹೇಳಿದ್ರ ನೀವು ದೋಣಿ ಬಿಡ್ತಿದ್ರಿ. ನಾವು ಮಾತಾಡಿದ್ರ ಸಾಕಿತ್ತಲ್ರೀ." ಹೋಳಿಗೆಯ ತಟ್ಟೆ ಇನ್ನೂ ಹತ್ತಿರ ಸರಿಸಿದ. "ತಿನ್ರಿ ಸರ, ಅವ್ವ ಕೇಳ್ತಾಳ."

ಅವನ ಕಿವಿಯ ಮೇಲಿನ ಗಾಯದ ಕಲೆಯನ್ನು ಇವತ್ತು ಮೊದಲ ಸಲ ಸರಿಯಾಗಿ ನೋಡಿದೆ. ಕೂದಲು ಇನ್ನೂ ಬಂದಿಲ್ಲ. ಎರಡು ಹೋಳಿಗೆ ತಿಂದೆ. ಕ್ಷಮಿಸು ಎನ್ನುವ ಮಾತು ಎಷ್ಟು ಕಷ್ಟದ್ದೆಂದು ಐವತ್ತೇಳನೆಯ ವಯಸ್ಸಿನಲ್ಲಿ ಗೊತ್ತಾಯಿತು, ಆದರೂ ಹೇಳಿದೆ. ಅವನು ಕಾಲಿಗೆ ಬೀಳಲು ಬಂದ, ತಡೆದೆ.

19 ಸೆಪ್ಟೆಂಬರ್, ಸೋಮವಾರ

ಇಂಚರಳಿಗೂ ಹೇಳಿದೆ. ಅವಳು ಕೇಳಿಸಿಕೊಂಡು, "ಅಮ್ಮಂಗೆ?" ಎಂದಳು.

"ರೇಸ್ ಮುಗೀಲಿ."

"ನೀವೇ ಹೇಳ್ಬೇಕಪ್ಪ," ಎಂದಳು, ಇನ್ನೂ ಏನೋ ಹೇಳಲು ಹೋಗಿ ಬಿಟ್ಟಳು.

ಸಾಯಂಕಾಲ ಒಬ್ಬನೇ ತಾರಸಿಗೆ ಹೋದೆ. ಬೆಡ್‌ಶೀಟು ಗಾಳಿಗೆ ತುಂಬಿಕೊಂಡಿತ್ತು. ಚುಕ್ಕಾಣಿ ಹಿಡಿದವನು ಬೂಮು, ಕೋಲು, ಗುರುತು, ಪಕ್ಕದ ದೋಣಿ ಎಲ್ಲವನ್ನೂ ನೋಡಬೇಕು. ನಡುವೆ ಕೂತು ಹಗ್ಗ ಹಿಡಿದವನು ನೋಡಬೇಕಾದದ್ದು ಬಲೂನಿನ ಅಂಚು ಮಡಚಿಕೊಳ್ಳಲು ಶುರುವಾಗುವ ಒಂದೇ ಒಂದು ಗೇಣು. ಮಿಕ್ಕದ್ದು ಕೈಗೆ ತಿಳಿಯುತ್ತದೆ. ಒಂದು ಗೇಣು ನನಗೆ ಚೆನ್ನಾಗಿ ಕಾಣುತ್ತದೆ.

ಇಂಚರಳನ್ನು ಕರೆದು, "ಚುಕ್ಕಾಣಿ ನಿಂದು, ಹಗ್ಗ ನಂದು," ಎಂದೆ. ಅವಳು ಛತ್ರಿ ಎತ್ತಿಕೊಂಡು ನನ್ನ ಕುರ್ಚಿಯಲ್ಲಿ ಕೂತಳು.

25 ಸೆಪ್ಟೆಂಬರ್, ಭಾನುವಾರ

ಹೆಸರಿನ ಪಟ್ಟಿಯಲ್ಲಿ ಎಂಟನೇ ನಂಬರಿನ ದೋಣಿಯ ಎದುರು ನನ್ನ ಹೆಸರು ಹೊಡೆದು ಇಂಚರಳ ಹೆಸರು ಬರೆಸಿದೆ. ಕ್ಲಬ್ಬಿನವರು, "ಯಾಕೆ ಸಾರ್, ಹುಷಾರಿಲ್ವಾ?" ಎಂದರು. ಕಣ್ಣು ಕಾಣಲ್ಲಪ್ಪ ಎಂದೆ. ಹೇಳಿದ ಮೇಲೆ ಅಷ್ಟೇನೂ ಕಷ್ಟದ ಮಾತಾಗಿರಲಿಲ್ಲ.

ಹನ್ನೊಂದು ದೋಣಿ. ಕೊನೆಯ ತಿರುವಿಗೆ ಬಂದಾಗ ನಾವು ನಾಲ್ಕನೆಯವರು. ಗಾಳಿ ಬೆನ್ನಿಗೆ ಹೊಡೆಯುತ್ತಿತ್ತು. ನಾನು ತಲೆಯೆತ್ತಿ ಬಲೂನಿನ ಆ ಒಂದು ಗೇಣನ್ನೇ ನೋಡುತ್ತಿದ್ದೆ. ಗುರುತಿನ ಪೀಪಾಯಿ ಪಕ್ಕದಲ್ಲಿ ಹೋದ ಸದ್ದು ಕೇಳಿಸಿತು.

"ಚನ್ನವೀರ, ರೆಡೀನಾ?" ಇಂಚರಳ ದನಿ.

"ಇನ್ನೂ ಇಲ್ರೀ. ಕೊಕ್ಕಿ ಬಿಗದೇತಿ. ತಡೀರಿ."

ಅವಳು ತಡೆದಳು. ದೋಣಿ ತಿರುವು ದಾಟಿ ನೇರ ಹೋಗುತ್ತಲೇ ಇತ್ತು. ಹಿಂದಿನ ಎರಡು ದೋಣಿ ಒಳಗಿನಿಂದ ತಿರುಗಿ ಮುಂದೆ ಹೋದದ್ದು ಅವರ ಕೂಗಿನಿಂದ ತಿಳಿಯಿತು. ತಿರುಗಿಸೇ ಎಂಬ ಮಾತು ನನ್ನ ಗಂಟಲಿನ ತನಕ ಬಂತು. ಹಲ್ಲು ಕಚ್ಚಿ ಹಿಡಿದೆ. ಎರಡು ಕೈಯಲ್ಲಿ ಎರಡು ಹಗ್ಗ, ಎಳೆಗರುವನ್ನು ಹಿಡಿದ ಹಾಗೆ ಜಗ್ಗುತ್ತಿತ್ತು.

"ಆತು, ಬಲಕ್ಕ ಬಂದೇನ್ರಿ, ತಲಿ ಬಗ್ಗಿಸೇನ್ರಿ. ಈಗ ರೀ."

"ಅಪ್ಪ, ತಲೆ."

ಬಗ್ಗಿಸಿದೆ. ಬೂಮು ಮೂವರ ತಲೆಯ ಮೇಲೆ ಗಾಳಿ ಬೀಸಿಕೊಂಡು ದಾಟಿತು. ಎಡಗೈ ಹಗ್ಗ ಬಿಟ್ಟೆ, ಬಲಗೈ ಎಳೆದೆ. ಬಲೂನು ಒಂದು ಸುಕ್ಕು ಇಲ್ಲದೆ ಈಚೆ ಮಗ್ಗುಲಿನಿಂದ ಆಚೆ ಮಗ್ಗುಲಿಗೆ ಹೋಗಿ ಹಾಗೇ ತುಂಬಿ ನಿಂತಿತು. ಎಲ್ಲಿಯೂ ತಡವರಿಸಲಿಲ್ಲ. ಆಮೇಲೆ ದೋಣಿಯ ಹೊಟ್ಟೆಗೆ ನೀರು ತಾಗುವುದೊಂದೇ ಕೇಳುತ್ತಿತ್ತು.

ಆರನೆಯವರಾಗಿ ಬಂದೆವು. ಭಾರ್ಗವನ ಫೋನ್ ನಂಬರು ಹುಡುಕಬೇಕು.

27 ಸೆಪ್ಟೆಂಬರ್, ಮಂಗಳವಾರ

ಬಾಟಲಿಯಲ್ಲಿ ಇನ್ನೂ ಔಷಧ ಇತ್ತು, ಆದರೂ ಮೂರು ತಿಂಗಳಾಯಿತಲ್ಲ, ಹಳಸಿರಬಹುದೆಂದು ಹೊಸದು ತರಲು ಗುಂಡಣ್ಣನ ಮೆಡಿಕಲ್ ಸ್ಟೋರಿಗೆ ಹೋದೆ. ಚೀಟಿ ನೋಡಿ ಅವನು ಹುಬ್ಬೇರಿಸಿದ. "ಅಮ್ಮಾವ್ರು ಹೋದ ವಾರ ತಾನೇ ತಗೊಂಡು ಹೋದ್ರಲ್ಲ ಸಾರ್."

"ಯಾವ ಅಮ್ಮಾವ್ರು?"

"ನಿಮ್ ಮನೆಯವ್ರು. ಜುಲೈ ಕೊನೇಲಿ ಖಾಲಿ ಆಗ್ತಾ ಬಂದಿದ್ದ ಬಾಟ್ಲಿ ಹಿಡ್ಕೊಂಡು ಬಂದಿದ್ರು, ಇದು ಯಾವ ಕಾಯಿಲೆಗೆ ಅಂತ ಕೇಳಿದ್ರು. ಹೇಳ್ದೆ. ಅವಾಗಿಂದ ಅವ್ರೇ ತಗೊಂಡು ಹೋಗೋದು. ಇದು ಮೂರನೇದು. ಸೀಲ್ ಇಲ್ಲೇ ಒಡೆಸಿ, ತುಂಬಿದ ಹಾಗೆ ಕಾಣದಿರೋಷ್ಟು ಒಂಚೂರು ಚೆಲ್ಲಿಸಿ, ಹಳೇ ಬಾಟ್ಲಿ ಇಲ್ಲೇ ಬಿಸಾಕಿ ಹೋಗ್ತಾರೆ. ಯಾಕೆ ಅಂತ ನಾನು ಕೇಳಕ್ಕೆ ಹೋಗ್ಲಿಲ್ಲ."

ಮನೆಗೆ ಬಂದೆ. ಊಟವಾಯಿತು. ಒಂಬತ್ತಕ್ಕೆ ಟೂಲ್ ಬಾಕ್ಸಿನಿಂದ ಬಾಟಲಿ ತೆಗೆದುಕೊಂಡು ಹಾಲಿನ ಬೆಂಚಿನ ಮೇಲೆ, ದೀಪದ ಕೆಳಗೆ ಬಂದು ಕೂತೆ.

"ಅಲಮೇಲು, ಸ್ವಲ್ಪ ಬರ್ತೀಯಾ? ಕಣ್ಣಿಗೆ ಔಷಧಿ ಹಾಕ್ಬೇಕು."

ಯಾವ ಔಷಧಿ ಎಂದು ಅವಳು ಕೇಳಲಿಲ್ಲ. ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ಬಂದಳು. "ತಲೆ ಎತ್ತಿ. ಇನ್ನೂ. ಸಾಕು." ಎಡಗಣ್ಣಿಗೆ ಹಾಕಿದಳು. ಬಲಗಣ್ಣಿನ ರೆಪ್ಪೆ ಹಿಡಿದಾಗ ನಾನು, "ಅದ್ರಲ್ಲಿ ಉಳಿದಿರೋದು ಇಷ್ಟೇ ಇಷ್ಟು ಕಣೆ, ಕಾಸಿನಗಲ," ಎಂದೆ.

"ಅಷ್ಟನ್ನೇ ಇಟ್ಕೊಳ್ಳೋಣ," ಎಂದಳು. ಒಂದರ ಬದಲು ಎರಡು ಹನಿ ಬಿತ್ತು. "ಈಗ ಕಣ್ಣು ಮುಚ್ಚಿ. ನಾನು ಹೇಳೋ ತನಕ ತೆಗೀಬೇಡಿ."

ಮುಚ್ಚಿದೆ. ಅವಳು ಹೇಳುವ ತನಕ ತೆಗೆಯಲಿಲ್ಲ.